ಎಂಎ ಭೂಗೋಳ: ಮಾನವ ಭೂಗೋಳದ ಚರ್ಚೆಗಳನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಬಿಎವರೆಗೆ ಮಣ್ಣು, ಬೆಳೆ, ನಕ್ಷೆ ಅಂತ ಆರಾಮಾಗಿದ್ದೆ, ಎಂಎಯಲ್ಲಿ 'ಸಮಕಾಲೀನ ಚರ್ಚೆಗಳು' ಪೇಪರ್ ತಲೆಗೇ ಹತ್ತುತ್ತಿಲ್ಲ ಅಂದಿದ್ದೀರಿ. ಮೊದಲ ಸೆಮಿಸ್ಟರ್ ಪೂರ್ತಿ ನನ್ನದೂ ಇದೇ ಪಾಡು. ಹಾರ್ವೆ, ಮ್ಯಾಸ್ಸಿ, ಲೆಫೆವ್ರ್ ಅಂತ ಈ ಚರ್ಚೆಯ ದೊಡ್ಡ ಚಿಂತಕರ ಹೆಸರುಗಳನ್ನು ಇಸವಿ ಸಮೇತ ಬಾಯಿಪಾಠ ಮಾಡಿದ್ದೆ. ಸೆಮಿನಾರಿನಲ್ಲಿ ಮೇಷ್ಟ್ರು "ಸರಿಯಪ್ಪ, ಇವರೆಲ್ಲ ಜಗಳ ಆಡ್ತಿರೋದು ಯಾವುದಕ್ಕೆ?" ಅಂದಾಗ ತುಟಿ ಬಿಚ್ಚಲಾಗಲಿಲ್ಲ.

ನನಗೆ ದಾರಿ ತೋರಿಸಿದ್ದು ಥಿಯರಿ ಪುಸ್ತಕವಲ್ಲ, ಸೆನ್ಸಸ್ಸು. ಪುರಸಭೆ ಇಲ್ಲದ ಊರನ್ನೂ 2011ರ ಜನಗಣತಿ ಪಟ್ಟಣ ಅಂತ ಎಣಿಸಿತು. ಅದಕ್ಕೆ ಮೂರು ಷರತ್ತು: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಮಂದಿ, ದುಡಿಯುವ ಗಂಡಸರಲ್ಲಿ ಕನಿಷ್ಠ ಶೇ. 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಮೂರನೆಯದನ್ನು ಇನ್ನೊಮ್ಮೆ ಓದಿ. ಗಂಡಸರು! ಗಂಡ ಬೈಕ್ ಹತ್ತಿ ಫ್ಯಾಕ್ಟರಿಗೆ ಹೋಗ್ತಾನೆ, ಹೆಂಡತಿ ಊರ ಹೊಲದಲ್ಲೇ ಕಳೆ ಕೀಳ್ತಿರ್ತಾಳೆ. ಆಕೆಯ ದುಡಿಮೆ ಈ ಲೆಕ್ಕಕ್ಕೇ ಇಲ್ಲ. ಊರು ಪಟ್ಟಣವಾಯ್ತು, ಕಂದಾಯ ಕಟ್ಟೋದು ಮಾತ್ರ ಗ್ರಾಮ ಪಂಚಾಯ್ತಿಗೆ. ಇಂಥ ಸೆನ್ಸಸ್ ಟೌನುಗಳು ದೇಶದಲ್ಲಿ 2001ಕ್ಕೆ 1,300 ಚಿಲ್ಲರೆ ಇದ್ದವು, 2011ಕ್ಕೆ 3,900ರ ಹತ್ತಿರ.

ಇದನ್ನು ಎದುರಿಗಿಟ್ಟುಕೊಂಡರೆ ಜಗಳ ಕಣ್ಣಿಗೆ ಕಾಣುತ್ತದೆ. ನಗರಗಳ ಬಗ್ಗೆ ಸಿದ್ಧಾಂತ ಕಟ್ಟಿದ ಬ್ರೆನ್ನರ್ ಮತ್ತು ಶ್ಮಿಡ್ ಪ್ರಕಾರ ನಗರ, ಹಳ್ಳಿ ಅನ್ನೋ ಗೆರೆಯೇ ಹಳತಾಯ್ತು, ಗಣಿ, ಸಮುದ್ರ ಕೂಡ ನಗರೀಕರಣದ ಬಲೆಯೊಳಗೇ ಇವೆ. ಡೆನಿಸ್, ಮುಖೋಪಾಧ್ಯಾಯ, ಝೆರಾ ಅನ್ನೋ ಸಂಶೋಧಕರು 2012ರಲ್ಲಿ ಭಾರತದ ಸಣ್ಣ ಊರುಗಳನ್ನೇ ಹಿಡಿದು, ಇವು ಮಹಾನಗರದ ಬಾಲವಲ್ಲ, ಸ್ವಂತ ಬಲದಿಂದಲೂ ಬೆಳೀತಿವೆ ಅಂದರು. ಬೆರಳೆಣಿಕೆಯ ಪಾಶ್ಚಾತ್ಯ ನಗರಗಳನ್ನು ನೋಡಿ ಕಟ್ಟಿದ ಸಿದ್ಧಾಂತ ಎಲ್ಲ ಊರಿಗೂ ಯಾಕೆ ಹೊಂದಬೇಕು ಅನ್ನೋದು ಭೂಗೋಳಶಾಸ್ತ್ರಜ್ಞೆ ಜೆನ್ನಿಫರ್ ರಾಬಿನ್ಸನ್ ತಕರಾರು. ನನ್ನ ಒಲವು ಸಣ್ಣ ಊರುಗಳನ್ನು ಹಿಡಿದ ಡೆನಿಸ್ ತಂಡದ ಕಡೆ. ಬ್ರೆನ್ನರ್ ಓದುವಾಗ ಹೊಲದ ಆ ಹೆಂಗಸು ನನಗೆ ಎಲ್ಲೂ ಸಿಗಲಿಲ್ಲ.

ಹಾಗಾಗಿ ಲೇಖಕರನ್ನು ಒಬ್ಬೊಬ್ಬರನ್ನಾಗಿ ಓದಬೇಡಿ. ಒಬ್ಬರು ಬರೆದದ್ದು, ಅದಕ್ಕೆ ಇನ್ನೊಬ್ಬರು ಕೊಟ್ಟ ಉತ್ತರ, ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಶುರುವಿಗೆ ಡೊರೀನ್ ಮ್ಯಾಸ್ಸಿಯ 1991ರ ಪ್ರಬಂಧ ಸಾಕು. ಲಂಡನ್ನಿನ ಕಿಲ್ಬರ್ನ್ ರಸ್ತೆಯಲ್ಲಿ ನಡೆಯುತ್ತಾ, ಐರಿಷ್ ಪೇಪರ್ ಮಾರುವ ಅಂಗಡಿ, ಸೀರೆ ಅಂಗಡಿ ನೋಡುತ್ತಾ 'ಸ್ಥಳ' ಅಂದರೇನು ಅಂತ ಕೇಳುತ್ತಾರೆ. ಚಿಕ್ಕದು, ಒಂದು ಸಂಜೆಯ ಓದು. ಲೆಫೆವ್ರ್ ಎರಡನೇ ಸೆಮಿಸ್ಟರಿಗೆ ಇರಲಿ.