ಫೈಲ್ ರೂಮಿನ ಆ ಮೂರು ದಿನ

ಪ್ರಶ್ನೆ: ನನಗೆ 34 ವರ್ಷ. ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇನ್ನು ಮುಂದೆ ಮನೆಯಿಂದ ಕೆಲಸವೋ, ಆಫೀಸಿಗೆ ಬರುತ್ತೀರೋ, ತಿಂಗಳ ಕೊನೆಯೊಳಗೆ ಬರೆದುಕೊಡಿ ಎಂದಿದ್ದಾರೆ. ಆಫೀಸಿನಲ್ಲಿ ಪಕ್ಕದವಳ ಫೋನ್ ಮಾತು ಕಿವಿಗೆ ಬಿದ್ದರೆ ಒಂದೇ ಕಾಲಂ ಮೂರು ಸಲ ಕೂಡುತ್ತೇನೆ. ಮನೆಯಲ್ಲಿ ಸದ್ದಿಲ್ಲ, ಆದರೆ ಹನ್ನೊಂದಾದರೂ ಕೈ ಓಡುವುದಿಲ್ಲ. ಹಿಂದೊಮ್ಮೆ ಆಡಿಟ್ ಇದ್ದಾಗ ಮೂರು ದಿನ ಫೈಲ್ ರೂಮಿನಲ್ಲಿ ಕೂತಿದ್ದೆ, ಆಗ ಮಾತ್ರ ಚೆನ್ನಾಗಿತ್ತು. ಪಕ್ಕದವಳು ಎಂಥ ಗಲಾಟೆಯಲ್ಲೂ ಕೆಲಸ ಮುಗಿಸುತ್ತಾಳೆ. ನಾನೇ ಸೋಮಾರಿ ಅನಿಸುತ್ತದೆ. ಯಾವುದನ್ನು ಆರಿಸಲಿ?

ಉತ್ತರ: ಸೋಮಾರಿಗಳು ಒಂದೇ ಕಾಲಂ ಮೂರು ಸಲ ಕೂಡುವುದಿಲ್ಲ ಕಣ್ರೀ. ಆ ಮಾತು ಇಲ್ಲಿಗೇ ಬಿಡಿ.

ಫೋನ್ ಮಾತಿನ ವಿಷಯದಲ್ಲಿ ತಪ್ಪು ನಿಮ್ಮದಲ್ಲ. ಇಬ್ಬರು ಎದುರೆದುರು ಮಾತಾಡುವುದಕ್ಕಿಂತ ಫೋನಿನಲ್ಲಿ ಒಬ್ಬರೇ ಆಡುವ ಮಾತು ಗಮನವನ್ನು ಜಾಸ್ತಿ ಕೆಡಿಸುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. "ಹೌದಾ? ಆಮೇಲೆ? ಅಯ್ಯೋ!" ಅಂತ ಇಷ್ಟೇ ಕೇಳಿದರೆ, ಆ ಕಡೆಯವರು ಏನಂದರು ಅಂತ ನಮ್ಮ ತಲೆ ಹುಡುಕುತ್ತಾ ಕೂರುತ್ತದೆ. ಈ ಉತ್ತರ ಬರೆಯುವಾಗ ನನ್ನ ಹಿಂದೆ ವಾಷಿಂಗ್ ಮೆಷಿನ್ ಗಡಗಡ ಅನ್ನುತ್ತಿದೆ, ಲೆಕ್ಕಕ್ಕೇ ಇಲ್ಲ. ಆಚೆ ಯಾರಾದರೂ ಫೋನ್ ಹಿಡಿದರೋ, ಸಾಲು ಅಲ್ಲೇ ನಿಲ್ಲುತ್ತದೆ. ಅಂದಹಾಗೆ, ಇಯರ್‌ಫೋನಿನಲ್ಲಿ ಹಾಡು ಹಾಕಿಕೊಂಡು ಪಾರಾಗಲು ನೋಡಬೇಡಿ. ಅದೂ ಮಾತೇ. ಒಂದೇ ಸಮನೆ ಬರುವ ಫ್ಯಾನಿನ ಸದ್ದು ವಾಸಿ.

ಈಗ ಫೈಲ್ ರೂಮಿಗೆ ಬನ್ನಿ. ನೀವು ಒಂದೇ ಸಾಲಿನಲ್ಲಿ ಅದನ್ನು ದಾಟಿಬಿಟ್ಟಿರಿ, ನಾನು ಅಲ್ಲೇ ನಿಂತೆ. ಅಲ್ಲಿ ಏನಿತ್ತು? ಬಾಗಿಲು ಮುಚ್ಚಿತ್ತಾ? ಬೆನ್ನ ಹಿಂದೆ ಗೋಡೆ ಇತ್ತಾ? ಬೆಳಿಗ್ಗೆ ಎಷ್ಟು ಗಂಟೆಗೆ ಕೈ ಓಡಲು ಶುರುವಾಯಿತು? ಈ ಕೊನೆಯದು ಮುಖ್ಯ. ಕೆಲವರ ದೇಹವೇ ತಡವಾಗಿ ಚುರುಕಾಗುವಂಥದ್ದು, ಅದಕ್ಕೆ ವಯಸ್ಸು, ವಂಶವಾಹಿ ಎರಡೂ ಕಾರಣ. ಆದರೆ ಅಲ್ಲಿ ಒಂಬತ್ತೂವರೆಗೇ ಲೆಕ್ಕ ಟ್ಯಾಲಿ ಆಗುತ್ತಿತ್ತು ಅಂದರೆ, ಮನೆಯ ಹನ್ನೊಂದು ಗಂಟೆಗೆ ದೇಹವನ್ನು ಬೈದು ಪ್ರಯೋಜನವಿಲ್ಲ. ನನ್ನ ಅನುಮಾನ ಬೇರೆ. ಆ ಮೂರು ದಿನ ನಿಮ್ಮ ಕಾಗದಕ್ಕಾಗಿ ಆಡಿಟರ್ ಕಾಯುತ್ತಿದ್ದರು. ಮನೆಯಲ್ಲಿ ಮೌನವಿದೆ, ಆದರೆ ಕಾಯುವವರಿಲ್ಲ, ಅಲ್ವಾ?

ಇದು ನಿಜವೋ ಅಲ್ಲವೋ ನೋಡಲು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ವಾರ ಮನೆ, ಒಂದು ವಾರ ಆಫೀಸು. ಎಷ್ಟು ಹೊತ್ತಿಗೆ ಕೂತಿರಿ, ಎಲ್ಲಿ, ಏನು ಕೇಳಿಸುತ್ತಿತ್ತು, ಎಷ್ಟು ಎಂಟ್ರಿ ಮುಗಿದವು, ಇಷ್ಟು ಬರೆದರೆ ಸಾಕು. ನಿದ್ದೆ ಕೆಟ್ಟ ರಾತ್ರಿಗೆ ಒಂದು ಗುರುತು ಹಾಕಿ, ಇಲ್ಲದಿದ್ದರೆ ನಿದ್ದೆಯ ತಪ್ಪು ಕುರ್ಚಿಯ ಮೇಲೆ ಬೀಳುತ್ತದೆ.

ಆಮೇಲೆ ಮೇಲಿನವರ ಹತ್ತಿರ ಹೋಗಿ. "ನನಗೆ ಗದ್ದಲ ಆಗಲ್ಲ" ಅನ್ನಬೇಡಿ, ಅದು ದೂರಿನ ಹಾಗೆ ಕೇಳುತ್ತದೆ. "ತಿಂಗಳ ಕೊನೆಯ ಲೆಕ್ಕಕ್ಕೆ ಫೈಲ್ ರೂಮ್ ಕೊಡಿ, ಉಳಿದ ದಿನ ನನ್ನ ಜಾಗದಲ್ಲೇ ಕೂರುತ್ತೇನೆ" ಅನ್ನಿ. ನೋಟ್‌ಬುಕ್ಕಿನ ಅಂಕಿ ಕೈಯಲ್ಲಿರಲಿ. ಒಪ್ಪಿದರೆ ಆಫೀಸು ಅಂತ ಬರೆದುಕೊಡಿ.

ಒಪ್ಪಲಿಲ್ಲವೇ? ಹಾಗಾದರೆ ನಾನು ಮನೆ ಅನ್ನುತ್ತೇನೆ. ಹತ್ತು ಜನರ ಬಾಯಿ ಮುಚ್ಚಿಸುವುದು ನಿಮ್ಮ ಕೈಯಲ್ಲಿಲ್ಲ. ಮನೆಯಲ್ಲಿ ಒಂಬತ್ತೂವರೆಗೆ ಒಬ್ಬರನ್ನು ಕಾಯಿಸುವುದು ನಿಮ್ಮ ಕೈಯಲ್ಲಿದೆ. ಮೊದಲ ಶೀಟ್ ಹತ್ತೂವರೆಗೆ ಕಳಿಸುತ್ತೇನೆ ಅಂತ ಯಾರಿಗಾದರೂ ಮಾತು ಕೊಡಿ. ಯಾರಿಗೆ ಅಂದರೆ ಆ ಪಕ್ಕದವಳಿಗೇ. ದಿನಾ ಬೆಳಿಗ್ಗೆ ಒಂದು ಫೋನ್ ಮಾಡು ಅನ್ನಿ, ಅವಳು ಬೇಡ ಅನ್ನಲಿಕ್ಕಿಲ್ಲ. ನಿಮಗೂ ಈ ಸಲ ಎರಡೂ ಕಡೆಯ ಮಾತು ಕೇಳಿಸುತ್ತದೆ.