ಪರದೆಯ ಹಿಂದಿನ ಪರೀಕ್ಷೆ, ಅದರ ನಂತರದ ದಾರಿ

ಪ್ರಶ್ನೆ: ನನ್ನ ಮಗಳು ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ, ಆಲಿಸ್ ಸ್ಪ್ರಿಂಗ್ಸ್‌ನಿಂದ ಬಹು ದೂರದ ಅಬೊರಿಜಿನಲ್ (ಮೂಲನಿವಾಸಿ) ಹಳ್ಳಿಯೊಂದರಲ್ಲಿ ನರ್ಸ್ ಆಗಿದ್ದಾಳೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಅಲ್ಲಿನ ಹೆಂಗಸರು ಹಿಂಜರಿಯುತ್ತಾರಂತೆ. ಈಗ ಅವರೇ ಮಾದರಿ ತೆಗೆದುಕೊಡಬಹುದು ಎನ್ನುತ್ತಾಳೆ. ಅದನ್ನು ನಂಬಬಹುದೇ? ಅಷ್ಟರಿಂದಲೇ ತೊಂದರೆ ನೀಗುತ್ತದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಧಾರಾಳವಾಗಿ ನಂಬಬಹುದು. ಆಸ್ಟ್ರೇಲಿಯಾ 2017ರ ಡಿಸೆಂಬರ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಮಾಡುತ್ತಿದ್ದ ಪ್ಯಾಪ್ ಸ್ಮಿಯರ್ ಕೈಬಿಟ್ಟು, 25ರಿಂದ 74 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ, ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆಯನ್ನು ತಂದಿತು. ಪ್ಯಾಪ್ ಸ್ಮಿಯರ್‌ಗೆ ಗರ್ಭಕಂಠದ ಜೀವಕೋಶಗಳೇ ಬೇಕಾಗಿದ್ದವು. ವೈರಾಣುವಾದರೋ ಯೋನಿಯ ಸ್ರಾವದಲ್ಲಿಯೂ ಸಿಗುವುದರಿಂದ, ಮಹಿಳೆ ಪರದೆಯ ಹಿಂದೆ ತಾನೇ ಮೃದು ತುದಿಯ ಕಡ್ಡಿಯಿಂದ ತೆಗೆದ ಮಾದರಿಯೂ ವೈದ್ಯರು ತೆಗೆದದ್ದರಷ್ಟೇ ನಿಖರ. 2022ರ ಜುಲೈ 1ರಿಂದ ಈ ಆಯ್ಕೆ ಎಲ್ಲರಿಗೂ ಸಿಕ್ಕಿದೆ.

ಇದರ ಮಹತ್ವ ತಿಳಿಯಬೇಕಾದರೆ ಹಿಂಜರಿಕೆಯ ಮೂಲವನ್ನು ನೋಡಬೇಕು. ಅಬೊರಿಜಿನಲ್ ಸಮುದಾಯಗಳಲ್ಲಿ ಇಂಥ ಸಂಗತಿಗಳನ್ನು ‘ಹೆಂಗಸರ ವಿಷಯ’ ಎಂದು ಪ್ರತ್ಯೇಕವಾಗಿಯೇ ಕಾಯ್ದುಕೊಳ್ಳುತ್ತಾರೆ. ಗಂಡಸು ವೈದ್ಯನೊಬ್ಬನೇ ಇರುವ ದಿನ, ಅಥವಾ ಎಲ್ಲರಿಗೂ ಎಲ್ಲರ ಗುರುತಿರುವ ಸಣ್ಣ ಊರಿನ ಚಿಕಿತ್ಸಾಲಯದಲ್ಲಿ ನೆಂಟರೇ ಕೆಲಸಕ್ಕಿರುವ ದಿನ, ಒಳಗೆ ಕಾಲಿಡುವುದೇ ನಾಚಿಕೆಯ ಸಂಗತಿ. ಮಕ್ಕಳನ್ನು ಸರ್ಕಾರವೇ ಕುಟುಂಬಗಳಿಂದ ಕಿತ್ತುಕೊಂಡ ಇತಿಹಾಸವಿರುವ ಜನ ಸರ್ಕಾರಿ ಬಾಗಿಲನ್ನು ಸುಲಭವಾಗಿ ನಂಬಲಾರರು. ಇದನ್ನು ‘ಅಜ್ಞಾನ’ ಎಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ. ಎಚ್‌ಪಿವಿ ಲಸಿಕೆಯನ್ನು 2007ರಲ್ಲಿಯೇ ಶಾಲೆಗಳಿಗೆ ತಲುಪಿಸಿ, 2035ರೊಳಗೆ ಈ ಕ್ಯಾನ್ಸರನ್ನೇ ಇಲ್ಲವಾಗಿಸಲು ಹೊರಟಿರುವ ದೇಶದಲ್ಲಿ ಮೂಲನಿವಾಸಿ ಮಹಿಳೆಯರು ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಇದಕ್ಕೆ ತುತ್ತಾಗುತ್ತಿರುವುದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಇಲ್ಲ. ಕಡ್ಡಿ ನಾಚಿಕೆಯನ್ನು ದಾಟಿಸುತ್ತದೆಯೇ ಹೊರತು ದೂರವನ್ನಲ್ಲ. ಕ್ಯಾನ್ಸರಿನ ಅಪಾಯ ಹೆಚ್ಚಿರುವ 16 ಅಥವಾ 18ನೇ ಬಗೆಯ ವೈರಾಣು ಕಂಡರೆ ಆಕೆ ಕಾಲ್ಪೊಸ್ಕೊಪಿಗೆ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ತಪಾಸಣೆಗೆ, ಹೋಗಲೇಬೇಕು. ಅದು ಸಿಗುವುದು ಸಾಮಾನ್ಯವಾಗಿ ದೊಡ್ಡ ಊರಿನಲ್ಲಿ. ಮಾದರಿ ಪ್ರಯೋಗಾಲಯ ಸೇರಿ ಫಲಿತಾಂಶ ಬರುವ ಹೊತ್ತಿಗೆ ಆಕೆ ನೆಂಟರ ಸಾವಿನ ವಿಧಿಗಳಿಗೆಂದು ಇನ್ನೊಂದು ಊರಿಗೆ ಹೋಗಿರಬಹುದು, ಫೋನ್ ನಂಬರ್ ಬದಲಾಗಿರಬಹುದು, ಆಕೆಯ ಪರಿಚಯವಿದ್ದ ನರ್ಸ್ ಕೂಡ ಊರು ಬಿಟ್ಟಿರಬಹುದು. ಸಮುದಾಯದವರೇ ಆಡಳಿತ ನಡೆಸುವ ಆರೋಗ್ಯ ಕೇಂದ್ರಗಳು ಇಲ್ಲಿಯೇ ಆಸರೆಯಾಗುವುದು. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೊದಲಾದ ಆ ಪದ್ಧತಿಯಲ್ಲಿ ಆ ನೆಲದ ಆರೋಗ್ಯ ಕಾರ್ಯಕರ್ತೆಗೆ ಯಾರು ಎಲ್ಲಿದ್ದಾರೆ, ಯಾರ ಮೂಲಕ ಹೇಳಿದರೆ ಗುಟ್ಟು ಉಳಿಯುತ್ತದೆ ಎಂಬುದು ಗೊತ್ತಿರುತ್ತದೆ.

ಆದ್ದರಿಂದ ನಿಮ್ಮ ಮಗಳು ಕಡ್ಡಿ ಕೊಡುವ ಮೊದಲು ಅಂಥ ಕಾರ್ಯಕರ್ತೆಯನ್ನು ಜೊತೆಗಿಟ್ಟುಕೊಂಡು, ಫಲಿತಾಂಶವನ್ನು ಯಾರ ಮುಂದೆ ಹೇಳಬಹುದು, ಪಟ್ಟಣಕ್ಕೆ ಹೋಗಬೇಕಾದರೆ ಅಕ್ಕನೋ ಚಿಕ್ಕಮ್ಮನೋ ಯಾರು ಜೊತೆಗೆ ಬರುತ್ತಾರೆ, ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ ಬರೆದಿಡಲಿ.