ಹೆಚ್ಚಿಟ್ಟ ಹಣ್ಣು ಖಾಲಿಯಾಗುತ್ತದೆ, ಬುಟ್ಟಿಯದ್ದು ಬಾಡುತ್ತದೆ

ಆಹಾರ ತಜ್ಞೆಯಾಗಿ ನನಗೆ ಬರುವ ಪತ್ರಗಳಲ್ಲಿ ಹಣ್ಣು-ತರಕಾರಿ ಒಳ್ಳೆಯದಾ ಅಂತ ಕೇಳುವವರು ಈಗ ಯಾರೂ ಇಲ್ಲ. ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು. ತಿನ್ನುವುದು ಹೇಗೆ, ತಿನ್ನಿಸುವುದು ಹೇಗೆ ಅನ್ನುವುದೇ ಕಷ್ಟ. ಈ ಸಲದ ಪತ್ರಗಳೂ ಅದನ್ನೇ ಕೇಳಿವೆ.

ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ತಿನ್ನಿ ಅಂತಾರೆ. ತಕ್ಕಡಿ ಇಟ್ಟುಕೊಂಡು ಊಟ ಮಾಡೋಕಾಗುತ್ತಾ? ಆಲೂಗಡ್ಡೆಯೂ ಲೆಕ್ಕಕ್ಕೆ ಬರುತ್ತಾ?

ತಕ್ಕಡಿ ಬೇಡ. 400 ಗ್ರಾಂ ಅಂದರೆ ತಲಾ 80 ಗ್ರಾಮಿನ ಐದು ಪಾಲು. ಮಧ್ಯಮ ಗಾತ್ರದ ಬಾಳೆಹಣ್ಣು ಒಂದು ಪಾಲು. ಒಂದು ಕಿತ್ತಳೆ ಇನ್ನೊಂದು ಪಾಲು. ಬೇಯಿಸಿದ ತರಕಾರಿಯಾದರೆ ದೊಡ್ಡ ಚಮಚದಲ್ಲಿ ತುಂಬಿ ತುಳುಕುವ ಹಾಗೆ ಮೂರು ಚಮಚ. ಮಧ್ಯಾಹ್ನ ಮೂರು ಚಮಚ ತರಕಾರಿ, ರಾತ್ರಿ ಆರು ಚಮಚ, ನಡುವೆ ಎರಡು ಹಣ್ಣು. ಆ ದಿನದ ಲೆಕ್ಕ ಮುಗಿಯಿತು.

ಆಲೂಗಡ್ಡೆ, ಗೆಣಸು, ಮರಗೆಣಸು ಇದರಲ್ಲಿ ಸೇರುವುದಿಲ್ಲ. ಅವುಗಳಲ್ಲಿ ಪಿಷ್ಟ ಜಾಸ್ತಿ, ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಅವನ್ನು ಹೊರಗಿಟ್ಟೇ ಈ ಲೆಕ್ಕ ಹೇಳುತ್ತದೆ. 400 ಗ್ರಾಂ ಬೇಕಾಗುವುದು ಹತ್ತು ವರ್ಷ ತುಂಬಿದವರಿಗೆ. 2ರಿಂದ 5 ವರ್ಷದ ಮಕ್ಕಳಿಗೆ 250 ಗ್ರಾಂ, 6ರಿಂದ 9 ವರ್ಷದವರಿಗೆ 350 ಗ್ರಾಂ ಅಂತ ಸಂಸ್ಥೆ 2023ರಲ್ಲಿ ಹೇಳಿದೆ.

ಐದು ಪಾಲು ಆಗಲಿಲ್ಲ ಅಂತ ಕೈಚೆಲ್ಲಬೇಡಿ. ದಿನಕ್ಕೆ ಒಂದೇ ಪಾಲು ತಿನ್ನುತ್ತಿದ್ದವರು ಎರಡಕ್ಕೆ ಬಂದರೆ ಸಿಗುವ ಲಾಭ, ಐದರಿಂದ ಆರಕ್ಕೆ ಹೋದವರಿಗೆ ಸಿಗುವುದಕ್ಕಿಂತ ದೊಡ್ಡದು.

ಬೆಳಿಗ್ಗೆ ಸಮಯವೇ ಇರುವುದಿಲ್ಲ. ಹಣ್ಣಿನ ಬದಲು ಜ್ಯೂಸ್ ಕುಡಿದರೆ ಸಾಲದಾ? ಇಲ್ಲವೇ ವಿಟಮಿನ್ ಮಾತ್ರೆ?

ಒಂದು ಕಿತ್ತಳೆ ಸುಲಿದು ತಿಂದು ನೋಡಿ. ಸಿಪ್ಪೆ ಬಿಡಿಸಬೇಕು, ತೊಳೆ ಬೇರೆ ಮಾಡಬೇಕು, ಬೀಜ ಉಗಿಯಬೇಕು, ಅಗಿಯಬೇಕು. ಐದು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಹೊಟ್ಟೆಗೂ ಏನೋ ಬಂತು ಅಂತ ಗೊತ್ತಾಗುತ್ತದೆ. ಈಗ ಒಂದು ಲೋಟ ಜ್ಯೂಸ್ ಮಾಡಿ. ಮೂರು ಹಣ್ಣಾದರೂ ಬೇಕು. ನಾರೆಲ್ಲ ಜರಡಿಯಲ್ಲೇ ಉಳಿಯುತ್ತದೆ. ಕುಡಿಯೋದಕ್ಕೆ ಅರ್ಧ ನಿಮಿಷ ಸಾಕು. ಮೂರು ಹಣ್ಣಿನ ಸಕ್ಕರೆ ಒಂದೇ ಉಸಿರಿಗೆ ಒಳಗೆ ಹೋಯಿತು, ಅಲ್ವಾ? ಮೇಲೆ ಸಕ್ಕರೆ ಹಾಕದಿದ್ದರೂ ಜ್ಯೂಸಿನ ಸಿಹಿಯನ್ನು ವಿಶ್ವ ಆರೋಗ್ಯ ಸಂಸ್ಥೆ ನಾವು ಮಿತಿಯಲ್ಲಿಡಬೇಕಾದ ಸಕ್ಕರೆಯ ಸಾಲಿಗೇ ಸೇರಿಸುತ್ತದೆ. ಇಡೀ ಹಣ್ಣಿನ ಸಿಹಿಯನ್ನು ಆ ಸಾಲಿಗೆ ಸೇರಿಸುವುದಿಲ್ಲ.

ಮಾತ್ರೆಯ ವಿಷಯದಲ್ಲಿ ಒಂದು ಪರೀಕ್ಷೆಯನ್ನು ಹೇಳಲೇಬೇಕು. ಫಿನ್‌ಲೆಂಡ್‌ನಲ್ಲಿ ಸಿಗರೇಟು ಸೇದುವ 29 ಸಾವಿರ ಗಂಡಸರು ಅದರಲ್ಲಿ ಭಾಗವಹಿಸಿದ್ದರು. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಅನ್ನು ಕೆಲವರಿಗೆ ಮಾತ್ರೆಯಾಗಿ ಕೊಟ್ಟು, ವರ್ಷಗಟ್ಟಲೆ ಎಲ್ಲರ ಮೇಲೂ ನಿಗಾ ಇಟ್ಟರು. ಅದು ಕ್ಯಾನ್ಸರ್ ತಡೆಯುತ್ತದೆ ಅನ್ನುವ ಭರವಸೆ ಇತ್ತು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಜಾಸ್ತಿ ಕಂಡಿತು. ಹಣ್ಣಿನಲ್ಲಿ ನೂರಾರು ಅಂಶ ಒಟ್ಟಿಗೆ ಇರುತ್ತವೆ. ಒಂದನ್ನು ಮಾತ್ರ ಹೆಕ್ಕಿ ನುಂಗಿದರೆ ಅದೇ ಕೆಲಸ ಆಗುವುದಿಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆಯ ಮಾತು ಬೇರೆ, ಅದನ್ನು ನಿಲ್ಲಿಸಬೇಡಿ.

ಮೂರು ವರ್ಷದ ಮಗಳು ತರಕಾರಿ ಕಂಡರೆ ಉಗಿಯುತ್ತಾಳೆ. ಬೈದೆ, ಚಾಕೊಲೇಟ್ ಆಸೆಯನ್ನೂ ತೋರಿಸಿದೆ. ಸೋತುಹೋದೆ.

ನೀವು ಸೋತಿಲ್ಲ. ಈ ವಯಸ್ಸಿನಲ್ಲಿ ಹೊಸ ರುಚಿಗೆ ಹೆದರುವುದು ಮಕ್ಕಳ ಸ್ವಭಾವ. ಒಂದು ತರಕಾರಿಯನ್ನು ಒಪ್ಪಿಕೊಳ್ಳಲು ಅದು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಮುಂದೆ ಬರಬೇಕಾಗುತ್ತದೆ. ನಾವು ಮೂರು-ನಾಲ್ಕು ಸಲಕ್ಕೇ 'ಇವಳಿಗೆ ಇದು ಸೇರಲ್ಲ' ಅಂತ ತೀರ್ಮಾನ ಮಾಡಿಬಿಡುತ್ತೇವೆ.

ಹೀಗೆ ಮಾಡಿ. ಮೆತ್ತಗೆ ಬೇಯಿಸಿದ ಒಂದೇ ಒಂದು ಬಿಲ್ಲೆ ಕ್ಯಾರೆಟ್ ಅವಳ ತಟ್ಟೆಯ ಅಂಚಿನಲ್ಲಿಡಿ. ಏನೂ ಹೇಳಬೇಡಿ. ನೀವೂ ಅದನ್ನೇ ತಿನ್ನಿ. ಮೊದಲ ದಿನ ಅವಳು ಬೆರಳಿನಿಂದ ದೂಡಬಹುದು. ಇನ್ನೊಂದು ದಿನ ಹಿಸುಕಬಹುದು, ಮೂಸಿ ನೋಡಬಹುದು, ನಾಲಿಗೆಗೆ ತಾಗಿಸಿ ವಾಪಸ್ ಇಡಬಹುದು. ಇದೆಲ್ಲ ಹಟ ಅಲ್ಲ, ಅವಳು ಗುರುತು ಮಾಡಿಕೊಳ್ಳುತ್ತಿದ್ದಾಳೆ. ಆಗ ಚಪ್ಪಾಳೆಯೂ ಬೇಡ, ಬೈಗುಳವೂ ಬೇಡ.

ಚಾಕೊಲೇಟ್ ಆಸೆ ಮಾತ್ರ ದಯವಿಟ್ಟು ಬಿಡಿ. 'ಇದು ತಿಂದರೆ ಅದು ಕೊಡ್ತೀನಿ' ಅಂದಾಗ ಮಗುವಿಗೆ ಅರ್ಥವಾಗುವುದು ಒಂದೇ: ಇದು ಕೆಟ್ಟದ್ದು, ಅದು ಒಳ್ಳೆಯದು. ಅದರ ಬದಲು, ಹಸಿವು ಜೋರಾಗಿರುವಾಗ ತರಕಾರಿಯನ್ನೇ ಮೊದಲು ಮುಂದಿಡಿ, ಉಳಿದದ್ದು ಐದು ನಿಮಿಷ ಬಿಟ್ಟು ಬರಲಿ.

ನನಗೆ ಸಕ್ಕರೆ ಕಾಯಿಲೆ. ಹಣ್ಣು ಪೂರ್ತಿ ಬಿಡಬೇಕಾ?

ಬೇಡ. ಇಡೀ ಹಣ್ಣನ್ನು ಒಂದು ಹೊತ್ತಿಗೆ ಒಂದು ಪಾಲಿನಂತೆ ತಿನ್ನಿ, ಜ್ಯೂಸ್ ಬಿಡಿ. ಮೂತ್ರಪಿಂಡದ ತೊಂದರೆಯೂ ಇದ್ದರೆ ಮೊದಲು ವೈದ್ಯರನ್ನು ಕೇಳಿ, ಪೊಟ್ಯಾಸಿಯಂ ಜಾಸ್ತಿಯಾಗಬಾರದು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ದಿಢೀರ್ ಏರಿಸಬಾರದು, ಇಳಿಸಲೂಬಾರದು.

ಶಾಲೆಯಲ್ಲಿ ಟೀಚರ್ ನಾನು. ಹಣ್ಣು-ತರಕಾರಿ ತಿನ್ನಿ ಅಂತ ಗೋಡೆ ತುಂಬ ಪೋಸ್ಟರ್ ಹಚ್ಚಿದೆವು, ಭಾಷಣ ಮಾಡಿಸಿದೆವು. ಮಕ್ಕಳು ಎಲ್ಲವನ್ನೂ ಬಾಯಿಪಾಠ ಹೇಳುತ್ತಾರೆ, ತಿನ್ನುವುದಿಲ್ಲ. ಎಲ್ಲಿ ಎಡವಿದೆವು?

ಟೀಚರ್, ದೇಶಗಳೇ ಎಡವಿದ ಜಾಗ ಇದು. ದಿನಕ್ಕೆ ಐದು ಪಾಲು ಅನ್ನುವ ಪ್ರಚಾರವನ್ನು ಬ್ರಿಟನ್ 2003ರಲ್ಲಿ ಶುರು ಮಾಡಿತು. ಹದಿನೈದು ವರ್ಷದ ನಂತರ, 2018ರಲ್ಲಿ ಇಂಗ್ಲೆಂಡಿನ ಆರೋಗ್ಯ ಸಮೀಕ್ಷೆ ನೋಡಿದರೆ ಐದು ಪಾಲು ತಿನ್ನುತ್ತಿದ್ದ ದೊಡ್ಡವರು ನೂರಕ್ಕೆ 28 ಮಂದಿ. ಗೊತ್ತಿರುವುದಕ್ಕೂ ತಿನ್ನುವುದಕ್ಕೂ ನಡುವೆ ಅಷ್ಟು ದೂರ ಇದೆ. ಇದು ಸುಮ್ನೆ ಬಿಡುವ ವಿಷಯವೂ ಅಲ್ಲ. 2017ರಲ್ಲಿ ಹಣ್ಣು-ತರಕಾರಿ ಸಾಕಷ್ಟು ತಿನ್ನದ ಕಾರಣಕ್ಕೆ ಜಗತ್ತಿನಲ್ಲಿ ಸುಮಾರು 39 ಲಕ್ಷ ಸಾವು ಸಂಭವಿಸಿವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ನಾನು ಸಲಹೆಗೆಂದು ಹೋಗಿದ್ದ ಒಂದು ಕ್ಯಾಂಟೀನಿನಲ್ಲಿ ಹಣ್ಣಿನ ಬುಟ್ಟಿ ಇತ್ತು. ಎಲ್ಲಿ ಗೊತ್ತಾ? ಸಾಲಿನ ಕಟ್ಟಕಡೆಗೆ, ಮೂಲೆಯಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಎಲ್ಲರ ತಟ್ಟೆ ತುಂಬಿರುತ್ತಿತ್ತು, ಎರಡೂ ಕೈ ತುಂಬಿರುತ್ತಿತ್ತು. ಹಣ್ಣು ಎತ್ತಿಕೊಳ್ಳಲು ಮೂರನೇ ಕೈ ಬೇಕಿತ್ತು. ಬುಟ್ಟಿಯನ್ನು ಸಾಲಿನ ಮೊದಲಿಗೆ ತಂದೆವು. ಹಣ್ಣನ್ನು ತೊಳೆದು, ಹೆಚ್ಚಿ, ಸಣ್ಣ ಬಟ್ಟಲುಗಳಲ್ಲಿ ಇಟ್ಟೆವು. ಎಲ್ಲರೂ ತಿಂದರು ಅಂತ ಹೇಳಲಾರೆ. ಆದರೆ ಸಂಜೆ ಬಾಡಿದ ಹಣ್ಣು ಎಸೆಯುವುದು ನಿಂತಿತು.

ನಿಮ್ಮ ಶಾಲೆಯಲ್ಲೂ ಇಂಥದ್ದೇ ನೋಡಿ. ತರಕಾರಿ ಮೊದಲು ಬಡಿಸಿ. ಹಣ್ಣು ಹೆಚ್ಚಿಯೇ ಕೊಡಿ, ಇಡೀ ಸೇಬನ್ನು ಕಚ್ಚುವುದು ಹಲ್ಲು ಬಿದ್ದ ಮಗುವಿಗೆ ನಿಜಕ್ಕೂ ಕಷ್ಟ. ಆಗುವುದಾದರೆ ಆಟದ ಬಿಡುವನ್ನು ಊಟಕ್ಕೆ ಮೊದಲು ಇಡಿ. ಊಟವಾದ ಮೇಲೆ ಆಟ ಅಂದರೆ ಮಕ್ಕಳ ಮನಸ್ಸೆಲ್ಲ ಮೈದಾನದಲ್ಲಿರುತ್ತದೆ, ತರಕಾರಿ ತಟ್ಟೆಯಲ್ಲೇ ಉಳಿಯುತ್ತದೆ. ಹಣ್ಣು ಕೊಳ್ಳಲು ಆಗದ ಮನೆಯ ಮಗುವಿಗೆ ಪೋಸ್ಟರ್ ಏನೂ ಮಾಡಲಾರದು. ಶಾಲೆಯೇ ದಿನಕ್ಕೊಂದು ಹಣ್ಣು ಉಚಿತವಾಗಿ ಕೊಡುವಂತಾಗಲಿ ಅಂತ ಆಡಳಿತದವರ ಹತ್ತಿರ ದಯವಿಟ್ಟು ಪಟ್ಟು ಹಿಡಿದು ಕೇಳಿ.

ಹಣ್ಣು-ತರಕಾರಿಯನ್ನು ಸೋಪು ಹಾಕಿ ತೊಳೆಯಬೇಕಾ?

ಸೋಪು ಬೇಡ, ಅದು ಸಿಪ್ಪೆಯೊಳಗೆ ಇಳಿಯಬಹುದು. ಹರಿಯುವ ನೀರಿನ ಕೆಳಗೆ ಕೈಯಿಂದ ಚೆನ್ನಾಗಿ ಉಜ್ಜಿ. ಸಿಪ್ಪೆ ತೆಗೆಯುವ ಹಣ್ಣನ್ನೂ ಮೊದಲು ತೊಳೆಯಿರಿ, ಇಲ್ಲದಿದ್ದರೆ ಮೇಲಿನ ಕೊಳೆಯನ್ನು ಚಾಕುವೇ ಒಳಗೆ ಒಯ್ಯುತ್ತದೆ. ಎಲೆಕೋಸಿನ ಹೊರಗಿನ ಒಂದೆರಡು ಎಲೆ ತೆಗೆದುಬಿಡಿ. ತೊಳೆದ ಮೇಲೆ ಹೆಚ್ಚಿ.